ಕಾಸ್ಟೆಲೊರಿಜೊ ದ್ವೀಪಕ್ಕೆ ಯಾರಾದರೂ ಹೋಗಿದ್ದೀರಾ? ಅತ್ತೆ ಮಾವನನ್ನು ಕರೆದುಕೊಂಡು ಹೋಗಬಹುದಾ?

ಮುಲುಂಡ್ ಮನೆಯವಳು:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ ಗ್ರೀಸ್‌ಗೆ ಹೋಗುವ ಯೋಚನೆ ಇದೆ. ನಾನು, ನಮ್ಮವರು, ಜೊತೆಗೆ ಅತ್ತೆ ಮಾವ. ಇಲ್ಲಿಯ ಟ್ರಾವೆಲ್ ಏಜೆಂಟ್ ಸ್ಯಾಂಟೊರಿನಿ, ಮಿಕೊನೊಸ್ ಬಿಟ್ಟು ಬೇರೆ ಹೆಸರೇ ಎತ್ತುವುದಿಲ್ಲ. ನಮಗೆ ಆ ಗದ್ದಲ ಬೇಡ. ಮ್ಯಾಪ್ ನೋಡುತ್ತಾ ಕೂತಾಗ ತುರ್ಕಿಯ ದಡಕ್ಕೆ ಅಂಟಿಕೊಂಡ ಹಾಗೆ ಈ ಚುಕ್ಕೆ ಕಂಡಿತು. ಗ್ರೀಸ್‌ನ ಊರು ಅಷ್ಟು ದೂರ ತುರ್ಕಿ ಪಕ್ಕ ಯಾಕಿದೆ ಅಂತ ಮಾವನಿಗೆ ಕುತೂಹಲ, ದಿನಾ ಕೇಳುತ್ತಾರೆ. ಅತ್ತೆಗೆ ಮುಂಬೈನ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಬೋಟಲ್ಲೇ ವಾಂತಿ ಆಗುತ್ತದೆ, ಮೊಣಕಾಲು ನೋವೂ ಇದೆ. ಹೋಗುವ ದಾರಿ ಹೇಗೆ? ಎದುರಿಗಿರುವ ತುರ್ಕಿಯ ಕಾಶ್ ಊರಿಗೆ ಒಂದು ದಿನ ಹೋಗಿ ಬರಬಹುದಾ? ನಾವು ಸಸ್ಯಾಹಾರಿಗಳು, ಅದನ್ನೂ ಹೇಳಿಬಿಡುತ್ತೇನೆ.

ವಸೈ ನಾವಿಕ:
ಅಕ್ಕಾ, ನಾನು ಹಡಗಿನ ಕೆಲಸದವನು, ರಜೆಯಲ್ಲಿ ಅಲ್ಲಿಗೆ ಹೋಗಿ ಬಂದಿದ್ದೇನೆ. ಅಥೆನ್ಸ್ ಹತ್ತಿರದ ಪಿರೇಯಸ್ ಬಂದರಿನಿಂದ ದೊಡ್ಡ ಫೆರ್ರಿ ಇದೆ, ಆದರೆ ದಾರಿಯಲ್ಲಿ ಸಿಕ್ಕ ದ್ವೀಪಗಳಲ್ಲೆಲ್ಲ ನಿಂತು ನಿಂತು ಹೋಗುತ್ತದೆ, ಇಪ್ಪತ್ತು ಗಂಟೆಗೂ ಜಾಸ್ತಿ. ನನಗೆ ಖುಷಿಯೇ, ನಿಮ್ಮ ಅತ್ತೆಯವರಿಗೆ ಖಂಡಿತ ಬೇಡ. ಅಥೆನ್ಸ್‌ನಿಂದ ರೋಡ್ಸ್ ದ್ವೀಪಕ್ಕೆ ವಿಮಾನದಲ್ಲಿ ಹೋಗಿ. ಅಲ್ಲಿಂದ ಕಾಸ್ಟೆಲೊರಿಜೊ ಪೂರ್ವಕ್ಕೆ ಸುಮಾರು 125 ಕಿ.ಮೀ. ಪುಟ್ಟ ಪ್ರೊಪೆಲ್ಲರ್ ವಿಮಾನದಲ್ಲಿ ಅರ್ಧ ಗಂಟೆಯ ಹಾದಿ. ವಿಮಾನ ನಿಲ್ದಾಣ 1986ರಿಂದ ಇದೆ, ರನ್‌ವೇ ಸುಮಾರು 800 ಮೀಟರ್ ಅಷ್ಟೇ. ಸೀಟು ಕಡಿಮೆ, ಬೇಗ ಬುಕ್ ಮಾಡಿ. ರೋಡ್ಸ್‌ನಿಂದ ವೇಗದ ಬೋಟೂ ಇದೆ, ಎರಡೂವರೆ ಗಂಟೆ ಹಿಡಿಯುತ್ತದೆ, ಪ್ರತಿದಿನ ಇರುವುದಿಲ್ಲ.

ಗಾಳಿ ಜೋರಾದರೆ ಬೋಟೂ ನಿಲ್ಲಬಹುದು, ವಿಮಾನವೂ ನಿಲ್ಲಬಹುದು. ಹಾಗಾಗಿ ದ್ವೀಪದಿಂದ ಹೊರಟ ದಿನವೇ ಮುಂಬೈ ವಿಮಾನ ಹಿಡಿಯುವ ಹಾಗೆ ಟಿಕೆಟ್ ಮಾಡಬೇಡಿ. ಮಧ್ಯೆ ಒಂದು ರಾತ್ರಿ ರೋಡ್ಸ್‌ನಲ್ಲೋ ಅಥೆನ್ಸ್‌ನಲ್ಲೋ ಇರಲಿ.

ಕಾಶ್ ವಿಷಯ. ತುರ್ಕಿಯ ದಡ ಹತ್ತಿರದ ಜಾಗದಲ್ಲಿ ಎರಡೇ ಕಿ.ಮೀ., ಕಾಶ್‌ಗೆ ಬೋಟಲ್ಲಿ ಅರ್ಧ ಗಂಟೆ ಸಾಕು. ಆದರೆ ದೋಣಿ ಹತ್ತಿದರೆ ಷೆಂಗೆನ್ (ಒಂದೇ ವೀಸಾದಲ್ಲಿ ತಿರುಗಾಡಬಹುದಾದ ಯುರೋಪಿನ ದೇಶಗಳು) ಬಿಟ್ಟು ಹೊರಗೆ ಹೋದ ಹಾಗೆ ಲೆಕ್ಕ. ನಿಮ್ಮ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಸಂಜೆ ವಾಪಸ್ ಬಿಡುವುದಿಲ್ಲ, ಬಟ್ಟೆಬರೆ ಎಲ್ಲ ಈಚೆ ದಡದಲ್ಲಿ, ನೀವು ಆಚೆ ದಡದಲ್ಲಿ. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ, ಕಾಶ್‌ಗೆ ಹೋಗುವ ಪ್ಲಾನನ್ನು ಪತ್ರದಲ್ಲಿ ಬರೆಯಿರಿ. ಕೇಳಿದ ಮಾತ್ರಕ್ಕೆ ಕೊಡುತ್ತಾರೆ ಅಂತಲ್ಲ. ಸ್ಟಿಕ್ಕರ್ ಮೇಲೆ ಏನು ಅಚ್ಚಾಗಿದೆ ಅಂತ ನೋಡಿಯೇ ಮುಂದಿನದು. ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮ ಪಾಸ್‌ಪೋರ್ಟ್‌ಗೆ ತುರ್ಕಿಯ ಇ-ವೀಸಾ ಆನ್‌ಲೈನಲ್ಲೇ ಸಿಗುತ್ತದೆ, ಅದನ್ನು ಮೊದಲೇ ತೆಗೆದಿಡಿ. ಅಲ್ಲಿ ತುರ್ಕಿಯವರಿಗೆ ಅಂತ ಸ್ಥಳದಲ್ಲೇ ಕೊಡುವ ವೀಸಾದ ಬಗ್ಗೆ ಬೋರ್ಡ್ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಅದು ನಮಗಲ್ಲ.

ಪುಣೆಯ ಮೇಡಂ:
ನಿಮ್ಮ ಮಾವನವರ ಪ್ರಶ್ನೆಗೆ ಉತ್ತರ ನನ್ನದು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ದ್ವೀಪ ಒಂಬತ್ತು ಚದರ ಕಿ.ಮೀ. ಚಿಲ್ಲರೆ, ಈಗ ಅಲ್ಲಿರುವುದು ಐನೂರರ ಆಸುಪಾಸು ಜನ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ಸಾವಿರಾರು ಜನರಿದ್ದರು, ಸ್ವಂತ ಹಾಯಿಹಡಗುಗಳಿದ್ದವು, ಎದುರಿನ ಅನಟೋಲಿಯಾದ ಮರ, ಇದ್ದಿಲು ಸಾಗಿಸಿ ಶ್ರೀಮಂತರಾಗಿದ್ದರು. ಆಗ ದ್ವೀಪವೂ ಎದುರು ದಡವೂ ತುರ್ಕರ ಆಟೊಮನ್ ರಾಜ್ಯವೇ, ನಡುವೆ ಗಡಿ ಇರಲಿಲ್ಲ. ತೊಂದರೆ ಶುರುವಾಗಿದ್ದು ಆಮೇಲೆ. 1913ರಲ್ಲಿ ದ್ವೀಪದವರು ಆಟೊಮನ್ನರ ವಿರುದ್ಧ ಎದ್ದರು. 1915ರ ಡಿಸೆಂಬರ್‌ನಲ್ಲಿ ಫ್ರೆಂಚರು ಬಂದು ಕೂತರು. 1917ರ ಜನವರಿಯಲ್ಲಿ ಬೆನ್-ಮೈ-ಕ್ರೀ ಅನ್ನುವ ಬ್ರಿಟಿಷ್ ಯುದ್ಧನೌಕೆಯನ್ನು ತುರ್ಕರು ಎದುರು ದಡದಲ್ಲಿ ಫಿರಂಗಿ ಇಟ್ಟು ಇದೇ ಬಂದರಿನೊಳಗೆ ಮುಳುಗಿಸಿದರು. ಎಷ್ಟು ಹತ್ತಿರ ಅಂತ ಇದರಲ್ಲೇ ಗೊತ್ತಾಗುತ್ತದೆ. 1921ರಲ್ಲಿ ಇಟಲಿಯವರ ಕೈಗೆ ಹೋಯಿತು. 1941ರಲ್ಲಿ ಬ್ರಿಟಿಷ್ ಕಮಾಂಡೊಗಳು ಹಿಡಿದು ಕೆಲವೇ ದಿನಗಳಲ್ಲಿ ಕಳೆದುಕೊಂಡರು. 1943ರಲ್ಲಿ ಮತ್ತೆ ಬ್ರಿಟಿಷರು, ಅವರ ಹಿಂದೆಯೇ ಜರ್ಮನ್ ಬಾಂಬು. ಊರ ಜನರನ್ನೆಲ್ಲ ಹಡಗು ಹತ್ತಿಸಿದರು, ಕೊನೆಗೆ ಗಾಜಾದ ಶಿಬಿರಕ್ಕೆ. ಹೌದು, ಅದೇ ಗಾಜಾ. ಅವರಿಲ್ಲದಾಗ 1944ರಲ್ಲಿ ಇಂಧನದ ದಾಸ್ತಾನಿಗೆ ಬೆಂಕಿ ಬಿದ್ದು ಅರ್ಧ ಊರು ಹೋಯಿತು. 1945ರಲ್ಲಿ ಮನೆಗೆ ಮರಳುವವರನ್ನು ಹೊತ್ತ ಎಂಪೈರ್ ಪ್ಯಾಟ್ರೋಲ್ ಹಡಗು ಸಮುದ್ರದ ಮಧ್ಯೆ ಹೊತ್ತಿಕೊಂಡು 33 ಮಂದಿ ಸತ್ತರು. ಗ್ರೀಸ್‌ಗೆ ಅಧಿಕೃತವಾಗಿ ಸೇರಿದ್ದು 1948ರಲ್ಲಿ. ಅಷ್ಟರಲ್ಲಿ ಬಹಳ ಜನ ಆಸ್ಟ್ರೇಲಿಯಾದ ಪರ್ತ್, ಸಿಡ್ನಿ ಸೇರಿಯಾಗಿತ್ತು.

ಆಗಸ್ಟ್‌ನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಬಂದು ಮನೆ ಬೀಗ ತೆಗೆಯುತ್ತಾರೆ, ನಮ್ಮ ಮುಂಬೈ ಕರಾವಳಿಯವರು ಮೇ ತಿಂಗಳಲ್ಲಿ ಊರಿಗೆ ಹೋಗುವ ಹಾಗೆ. ಹಾಗಾಗಿ ಸೆಪ್ಟೆಂಬರ್ ಕೊನೆ ಒಳ್ಳೆಯ ಆಯ್ಕೆ.

ಪಕ್ಕದಲ್ಲಿ ರೋ ಅನ್ನುವ ಇನ್ನೂ ಚಿಕ್ಕ ದ್ವೀಪ ಇದೆ. ಅಲ್ಲಿ ಡೆಸ್ಪಿನಾ ಅಹ್ಲಾಡಿಯೋಟಿ ಅನ್ನುವ ಹೆಂಗಸು 1982ರಲ್ಲಿ ತೀರಿಕೊಳ್ಳುವವರೆಗೂ ದಿನಾ ಬೆಳಿಗ್ಗೆ ಗ್ರೀಕ್ ಬಾವುಟ ಹಾರಿಸುತ್ತಿದ್ದಳು. ಎದುರಿನವರಿಗೆ ಕಾಣಲಿ ಅಂತ. ಈಗಲೂ ಸುತ್ತಲಿನ ಸಮುದ್ರದ ಹಕ್ಕಿನ ಜಗಳ ಎರಡು ದೇಶಗಳ ನಡುವೆ ಮುಗಿದಿಲ್ಲ. ಅಂದಹಾಗೆ 2010ರ ಏಪ್ರಿಲ್‌ನಲ್ಲಿ ಆಗಿನ ಗ್ರೀಸ್ ಪ್ರಧಾನಿ ಪಾಪಾಂಡ್ರೂ ದೇಶ ಸಾಲಕ್ಕೆ ಕೈ ಚಾಚುತ್ತಿದೆ ಅಂತ ಟಿವಿಯಲ್ಲಿ ಹೇಳಿದ್ದು ಇದೇ ಬಂದರಿನ ಎದುರು ನಿಂತು. ಮಾವನವರು ಬ್ಯಾಂಕಿನವರಾಗಿದ್ದರೆ ಇದು ಅವರಿಗೆ ಇಷ್ಟವಾಗುತ್ತದೆ.

ಡೊಂಬಿವಲಿ ಭಟ್ರು:
ನಾನು ಸ್ವಲ್ಪ ವಿರುದ್ಧ ಹೇಳುತ್ತೇನೆ. ಅಲ್ಲಿ ಮರಳಿನ ಬೀಚ್ ಇಲ್ಲ. ಬಂದರಿನ ಕಟ್ಟೆಯ ಏಣಿಯಿಂದ ಸಮುದ್ರಕ್ಕೆ ಇಳಿಯಬೇಕು. ಕೋಟೆ, ಬಂಡೆಯಲ್ಲಿ ಕೊರೆದ ಲಿಸಿಯನ್ (ಎದುರು ದಡದ ಪ್ರಾಚೀನ ಜನ) ಗೋರಿ, ಬೆಟ್ಟದ ಮೇಲಿನ ಮಠ, ಎಲ್ಲದಕ್ಕೂ ಮೆಟ್ಟಿಲು. ಮಠಕ್ಕೆ ನಾನೂರರ ಹತ್ತಿರ. ಮೊಣಕಾಲು ನೋವಿದ್ದವರು ಬಂದರಿನಲ್ಲಿ ಕೂತು ಕಾಫಿ ಕುಡಿಯುತ್ತಾ ಆಮೆ ನೋಡಬೇಕು ಅಷ್ಟೇ. ಆಮೆ ನಿಜವಾಗಿಯೂ ಕಟ್ಟೆವರೆಗೆ ಬರುತ್ತವೆ. ನೀಲಿ ಗುಹೆ ಅನ್ನುವ ಸಮುದ್ರ ಗುಹೆಗೆ ಪುಟ್ಟ ದೋಣಿಯಲ್ಲಿ ಹೋಗಬೇಕು, ಗುಹೆಯ ಬಾಯಿ ಎಷ್ಟು ತಗ್ಗು ಅಂದರೆ ದೋಣಿಯಲ್ಲಿ ಮಲಗಿಯೇ ಒಳಗೆ ಹೋಗಬೇಕು. ವಾಂತಿ ಆಗುವವರಿಗೆ ಬೇಡವೇ ಬೇಡ. ನನ್ನ ಮಾತು ಕೇಳಿದರೆ ರೋಡ್ಸ್‌ನಲ್ಲಿ ಜಾಸ್ತಿ ದಿನ, ಇಲ್ಲಿ ಎರಡು ರಾತ್ರಿ.

ಮುಲುಂಡ್ ಮನೆಯವಳು:
ಭಟ್ರೇ, ಅತ್ತೆಗೆ ಓದಿ ಹೇಳಿದೆ. ಕೂತು ಕಾಫಿ ಕುಡಿಯುವುದಾದರೆ ನಾಲ್ಕು ರಾತ್ರಿಯೂ ಆಗಬಹುದು ಅಂದರು! ಮೂರಕ್ಕೆ ನಿಂತಿದ್ದೇವೆ. ಊಟದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ?

ವಸೈ ನಾವಿಕ:
ನಾನು ಮೀನು ತಿನ್ನುವವನು, ಅದಕ್ಕೇ ಸುಮ್ಮನಿದ್ದೆ. ಯಿಗಾಂಟೆಸ್ ಅಂತ ದೊಡ್ಡ ಬಿಳಿ ಅವರೆ ಥರದ ಕಾಳು ಟೊಮೆಟೊ ಹಾಕಿ ಬೇಯಿಸಿರುತ್ತಾರೆ, ಫಾವಾ ಅಂತ ಹಳದಿ ಬೇಳೆಯ ಗಟ್ಟಿ ತೊವ್ವೆ ಥರದ್ದು, ಸೊಪ್ಪಿನ ಪೈ. ಟೊಮೆಟೊ, ದೊಡ್ಡ ಮೆಣಸಿನಕಾಯಿಯೊಳಗೆ ಅನ್ನ ತುಂಬಿದ್ದು ಸಿಗುತ್ತದೆ, ಅದರಲ್ಲಿ ಖೀಮಾ ಇದೆಯಾ ಅಂತ ಕೇಳಿಯೇ ತಿನ್ನಿ. ಕಟುಮಾರಿ ಅನ್ನುವ ಸಿಹಿ ಆ ಊರಿನದೇ, ಬಿಡಬೇಡಿ. ಉಪ್ಪಿನಕಾಯಿ ನೀವೇ ಒಯ್ಯಿರಿ, ಚೆಕ್-ಇನ್ ಬ್ಯಾಗಿನಲ್ಲಿ.