ಕಮ್ಯುನಿಟಿ ಕಾಲೇಜಿನಿಂದ ಹೈಸ್ಕೂಲ್ ಟೀಚರ್ ಆಗೋದು ಹೇಗೆ? ಕ್ಯಾಲಿಫೋರ್ನಿಯಾದ ಗಣಿತ ಟೀಚರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಬೇ ಏರಿಯಾದ ಪಬ್ಲಿಕ್ ಹೈಸ್ಕೂಲೊಂದರಲ್ಲಿ 11 ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ನಮ್ಮ ಗುಂಪಿನ ಮೇಡಂ ಇವತ್ತು ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದು, ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡಿ ಟೀಚರ್ ಆದವರು. ಕ್ಯಾಲಿಫೋರ್ನಿಯಾದ ವಿಷಯ ಮಾತ್ರ ಕೇಳಿ, ಬೇರೆ ರಾಜ್ಯದ ನಿಯಮಗಳೇ ಬೇರೆ.

ಪ್ರಶ್ನೆ (ಫ್ರೀಮಾಂಟ್): ಮೇಡಂ ನಮಸ್ಕಾರ. ನಾನು ಹಾಸನದ ಕಡೆಯವಳು. ಬಿಎಸ್ಸಿ ಪಿಸಿಎಂ, ಮೂರು ವರ್ಷದ ಡಿಗ್ರಿ. ಅವಲಂಬಿತರ ಎಚ್-4 ವೀಸಾದಲ್ಲಿದ್ದೀನಿ, ಇಎಡಿ, ಅಂದರೆ ಕೆಲಸ ಮಾಡೋಕೆ ಅನುಮತಿ ಪತ್ರ ಇದೆ. ಚಿಕ್ಕವಳೂ ಈಗ ಸ್ಕೂಲಿಗೆ ಹೋಗ್ತಾಳೆ. ಹೈಸ್ಕೂಲಲ್ಲಿ ಗಣಿತ ಹೇಳಿಕೊಡಬೇಕು ಅಂತ ಊರಲ್ಲಿದ್ದಾಗಿನಿಂದ ಆಸೆ. ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿಕೋ, ಅಲ್ಲಿಂದ ದಾರಿ ತಾನಾಗೇ ತೆರೆಯುತ್ತೆ ಅಂತ ಗೆಳತಿ ಹೇಳಿದಳು. ಮುಂದಿನ ವಾರ ರಿಜಿಸ್ಟ್ರೇಷನ್. ಸೇರಿಕೊಳ್ಳಲಾ?

ಉತ್ತರ: ಸ್ವಲ್ಪ ತಡೀರಿ. ಕಾಲೇಜು ಬೇಡ ಅಂತಲ್ಲ. ನೀವು ಓದಿರೋದಕ್ಕೆ ಇಲ್ಲಿ ಎಷ್ಟು ಬೆಲೆ ಕಟ್ಟುತ್ತಾರೆ ಅಂತ ಮೊದಲು ಗೊತ್ತಾಗಲಿ.

ಹೈಸ್ಕೂಲಿಗೆ ಬೇಕಾಗಿರೋದು ಸಿಂಗಲ್ ಸಬ್ಜೆಕ್ಟ್ ಕ್ರೆಡೆನ್ಶಿಯಲ್, ಅಂದರೆ ಒಂದು ವಿಷಯ ಹೇಳಿಕೊಡೋಕೆ ರಾಜ್ಯದ ಪರವಾನಗಿ. ಅದನ್ನು ಕೊಡೋದು ಸಿಟಿಸಿ, ಅಂದರೆ ರಾಜ್ಯದ ಟೀಚರ್ ಕ್ರೆಡೆನ್ಶಿಯಲಿಂಗ್ ಕಮಿಷನ್. ಅದಕ್ಕೆ ಬ್ಯಾಚುಲರ್ ಡಿಗ್ರಿ ಇರಲೇಬೇಕು. ಕಮ್ಯುನಿಟಿ ಕಾಲೇಜಿನಲ್ಲಿ ಸಿಗೋದು ಡಿಗ್ರಿಯ ಮೊದಲ ಎರಡು ವರ್ಷದ ಓದು. ನಿಮ್ಮ ಹತ್ತಿರ ಆಗಲೇ ಮೂರು ವರ್ಷದ್ದು ಇದೆ. ಮತ್ತೆ ಸೊನ್ನೆಯಿಂದ ಯಾಕೆ ಶುರು ಮಾಡ್ತೀರಿ?

ಸಿಟಿಸಿ ಒಪ್ಪುವ ಸಂಸ್ಥೆಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ಅದರಲ್ಲಿ ಒಂದರಿಂದ ನಿಮ್ಮ ಡಿಗ್ರಿಯ ಇವ್ಯಾಲ್ಯುಯೇಷನ್ ಮಾಡಿಸಿ, ಅಂದರೆ ಅದು ಇಲ್ಲಿನ ಯಾವ ಓದಿಗೆ ಸಮ ಅಂತ ಬರೆಸಿಕೊಳ್ಳಿ. ಒಟ್ಟು ಲೆಕ್ಕ ಸಾಲದು, ಒಂದೊಂದು ಕೋರ್ಸಿಗೂ ಎಷ್ಟು ಯುನಿಟ್ (ಇಲ್ಲಿ ಓದನ್ನು ಅಳೆಯೋ ಲೆಕ್ಕ) ಅಂತ ಬಿಡಿಸಿ ಬರೆದಿರೋ ರಿಪೋರ್ಟೇ ಬೇಕು ಅಂತ ಕೇಳಿ. ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ಕೆಲವರು ಪೂರ್ತಿ ಡಿಗ್ರಿ ಅಂತ ಒಪ್ಪುತ್ತಾರೆ, ಕೆಲವರು ಮೂರು ವರ್ಷದ ಕಾಲೇಜು ಓದು ಅಂತಷ್ಟೇ ಬರೆಯುತ್ತಾರೆ. ನನ್ನದನ್ನು ಹಾಗೇ ಬರೆದರು. ಆ ಕಾಗದ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೀನಿ. ಆದರೂ ಮೂರು ವರ್ಷದ ಲೆಕ್ಕವಂತೂ ಸಿಕ್ಕಿತಲ್ಲ, ಸೊನ್ನೆ ಅಲ್ವಲ್ಲ.

ಪೂರ್ತಿ ಡಿಗ್ರಿ ಅಂತ ಬಂದರೆ ನೇರವಾಗಿ ಯೂನಿವರ್ಸಿಟಿಯ ಕ್ರೆಡೆನ್ಶಿಯಲ್ ಪ್ರೋಗ್ರಾಂಗೆ ಅರ್ಜಿ ಹಾಕಬಹುದು. ಮೂರು ವರ್ಷ ಅಂತ ಬಂದರೆ ಸಿಎಸ್‌ಯು, ಅಂದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾಂಪಸ್ಸಿಗೆ ಟ್ರಾನ್ಸ್‌ಫರ್ ಆಗಿ ಡಿಗ್ರಿ ಮುಗಿಸಬೇಕು. ಕಮ್ಯುನಿಟಿ ಕಾಲೇಜು ನಿಜಕ್ಕೂ ಕೈಹಿಡಿಯೋದು ಆಗ. ನಮ್ಮ ಬಿಎಸ್ಸಿಯಲ್ಲಿ ಇಲ್ಲದ ಇಂಗ್ಲಿಷ್ ಪ್ರಬಂಧ ಬರವಣಿಗೆ, ಭಾಷಣ ಕಲೆ, ಅಮೆರಿಕದ ಇತಿಹಾಸ ಮತ್ತು ಸಂವಿಧಾನ, ಇಂಥ ಕೋರ್ಸುಗಳನ್ನು ಅಲ್ಲಿ ಮಾಡಿಕೊಳ್ಳಿ. ರಾಜ್ಯದ ನಿವಾಸಿಗೆ ಯುನಿಟ್‌ಗೆ 46 ಡಾಲರ್, ಮೂರು ಯುನಿಟ್ಟಿನ ಕೋರ್ಸಿಗೆ 138.

ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬೇಡಿ. ಮಾರ್ಕ್ಸ್ ಕಾರ್ಡ್ ತಗೊಂಡು ಹೋಗದೆ, ಬರಿಗೈಲಿ ಕೌನ್ಸೆಲರ್ ಎದುರು ಕೂತೆ. ಅವರು ನನ್ನನ್ನು ಹೊಸ ವಿದ್ಯಾರ್ಥಿ ಅಂತಲೇ ತಿಳಿದು ಪ್ಲಾನ್ ಬರೆದುಕೊಟ್ಟರು. ಮೈಸೂರಿನಲ್ಲಿ ಓದಿದ ಕ್ಯಾಲ್ಕುಲಸ್ಸನ್ನೇ ಎರಡು ಸೆಮಿಸ್ಟರ್ ಮತ್ತೆ ಓದಿದೆ. ದುಡ್ಡು ಹೆಚ್ಚೇನಲ್ಲ, ಆದರೆ ಮಗು ಮಲಗಿದ ಮೇಲೆ ಕೂತು ಓದಿದ ಆ ರಾತ್ರಿಗಳು ವಾಪಸ್ ಬರಲ್ಲ.

ಇನ್ನೊಂದು ವಿಷಯ. ಎಚ್-4ನಲ್ಲಿ ಇರುವವರೂ ಫೀಸಿನ ಮಟ್ಟಿಗೆ ಕ್ಯಾಲಿಫೋರ್ನಿಯಾ ನಿವಾಸಿ ಅನಿಸಿಕೊಳ್ಳಬಹುದು. ಟರ್ಮ್ ಶುರುವಾಗೋ ಹೊತ್ತಿಗೆ ಒಂದು ವರ್ಷದ ಮೇಲೆ ಒಂದು ದಿನ ಇಲ್ಲಿ ನೆಲೆಸಿರಬೇಕು, ಇಲ್ಲೇ ಇರೋ ಉದ್ದೇಶಕ್ಕೆ ದಾಖಲೆ ತೋರಿಸಬೇಕು. ಅಡ್ಮಿಷನ್ಸ್ ಆಫೀಸಿನಲ್ಲಿ ಮೊದಲೇ ಕೇಳಿ. ನಿವಾಸಿ ಅಲ್ಲ ಅಂತ ಬಿದ್ದರೆ ಫೀಸು ಹಲವು ಪಟ್ಟು ಆಗುತ್ತೆ. ಫೆಡರಲ್ ಆರ್ಥಿಕ ಸಹಾಯ ಮಾತ್ರ ಎಚ್-4ಗೆ ಇಲ್ಲ, ಗ್ರೀನ್ ಕಾರ್ಡ್ ಬಂದ ಮೇಲೆ ಸಿಗುತ್ತೆ.

ಪ್ರಶ್ನೆ (ಸ್ಯಾನ್ ರಮೋನ್): ನನ್ನ ಮಗಳು ಈ ವರ್ಷ ಹೈಸ್ಕೂಲ್ ಮುಗಿಸ್ತಾಳೆ. ಇತಿಹಾಸದ ಟೀಚರ್ ಆಗ್ತೀನಿ, ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜಿಗೆ ಹೋಗ್ತೀನಿ ಅಂತಿದ್ದಾಳೆ. ಅವಳ ಗೆಳತಿಯರೆಲ್ಲ ಯುಸಿಗಳಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್ಸುಗಳಿಗೆ) ಹೊರಟಿದ್ದಾರೆ. ನಾವು ಒಪ್ಪಬಹುದಾ ಮೇಡಂ? ನಾಳೆ ಹಿಂದೆ ಬಿದ್ದೆ ಅಂತ ಕೊರಗಬಾರದು ನೋಡಿ.

ಉತ್ತರ: ಸರ್, 18 ವರ್ಷಕ್ಕೇ ಟೀಚರ್ ಆಗ್ತೀನಿ ಅಂತ ಗಟ್ಟಿಯಾಗಿ ಹೇಳೋ ಮಗಳು ನಿಮಗಿದ್ದಾಳೆ. ಅವಳ ಮಾತು ಕೇಳಿ. ಅವಳ ವಿಷಯಕ್ಕೆ ಇದು ಸುತ್ತುದಾರಿಯೇನಲ್ಲ.

ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅಂತ ಒಂದಿದೆ, ಎಡಿಟಿ ಅನ್ನುತ್ತಾರೆ. 2010ರ ಕಾನೂನಿನಿಂದ ಬಂದಿದ್ದು. ಇತಿಹಾಸದಲ್ಲಿ 60 ಯುನಿಟ್ಟಿನ ಎಡಿಟಿ ಮುಗಿಸಿದರೆ ಸಿಎಸ್‌ಯು ವ್ಯವಸ್ಥೆಯಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತ್ರಿ. ಆದರೆ ಅವಳು ಕೇಳಿದ ಕ್ಯಾಂಪಸ್ಸಿನಲ್ಲೇ ಸಿಗುತ್ತೆ ಅಂತ ಖಾತ್ರಿ ಇಲ್ಲ. ಇದನ್ನು ತುಂಬ ಜನ ತಪ್ಪು ತಿಳಿದುಕೊಂಡು ಆಮೇಲೆ ಪೇಚಾಡುತ್ತಾರೆ.

ಮೊದಲ ದಿನದಿಂದಲೇ ಅಸಿಸ್ಟ್ ವೆಬ್‌ಸೈಟ್ ತೆರೆದಿಟ್ಟುಕೊಳ್ಳಲಿ. ಈ ಕಾಲೇಜಿನ ಈ ಕೋರ್ಸು ಆ ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಅಂತ ಸಾಲು ಸಾಲಾಗಿ ಅಲ್ಲಿದೆ. ಕಮ್ಯುನಿಟಿ ಕಾಲೇಜಿನಿಂದ ಹೆಚ್ಚೆಂದರೆ 70 ಸೆಮಿಸ್ಟರ್ ಯುನಿಟ್ಟಿಗೆ ಮಾತ್ರ ಸಿಎಸ್‌ಯು ಲೆಕ್ಕ ಕೊಡುತ್ತೆ. ಇಷ್ಟ ಅಂತ ಸಿಕ್ಕಿದ್ದೆಲ್ಲ ಓದುತ್ತಾ ಕೂತರೆ ಮೇಲಿನದ್ದು ಲೆಕ್ಕಕ್ಕೆ ಬರಲ್ಲ. ಡಿ ಆಂಜಾ, ಫುಟ್‌ಹಿಲ್ ಆದರೆ ಕ್ವಾರ್ಟರ್ ಪದ್ಧತಿ, ಅಲ್ಲಿ 60ರ ಬದಲು 90 ಯುನಿಟ್.

ಹೈಸ್ಕೂಲಲ್ಲಿ ಇತಿಹಾಸಕ್ಕೇ ಬೇರೆ ಕ್ರೆಡೆನ್ಶಿಯಲ್ ಇಲ್ಲ, ಅದು ಸೋಷಿಯಲ್ ಸೈನ್ಸ್ ಹೆಸರಿನಲ್ಲಿ ಬರುತ್ತೆ. ಇವತ್ತು ವಿಶ್ವ ಇತಿಹಾಸ ಹೇಳಿಕೊಟ್ಟ ಟೀಚರ್ ನಾಳೆ ಅರ್ಥಶಾಸ್ತ್ರಕ್ಕೂ ನಿಲ್ಲಬೇಕಾಗಬಹುದು. ಹಾಗಾಗಿ ಮೊದಲೆರಡು ವರ್ಷದಲ್ಲೇ ಭೂಗೋಳ, ಅರ್ಥಶಾಸ್ತ್ರ, ಅಮೆರಿಕನ್ ಸರ್ಕಾರ ಒಂದೊಂದು ಕೋರ್ಸ್ ತಗೊಳ್ಳಲಿ.

ಸಾಮಾನ್ಯವಾಗಿ ಕಮ್ಯುನಿಟಿ ಕಾಲೇಜು ಎರಡು ವರ್ಷ, ಸಿಎಸ್‌ಯು ಎರಡು ವರ್ಷ, ಕ್ರೆಡೆನ್ಶಿಯಲ್ ಇನ್ನೊಂದು ವರ್ಷ. ಮೊದಲೆರಡು ವರ್ಷದ 60 ಯುನಿಟ್ಟಿಗೆ ಫೀಸು 2,760 ಡಾಲರ್. ಪುಸ್ತಕ, ಓಡಾಟ ಬೇರೆ. ಟೀಚರ್ ಸಂಬಳದಲ್ಲಿ ದೊಡ್ಡ ಸಾಲ ತೀರಿಸೋದು ಎಷ್ಟು ಕಷ್ಟ ಅಂತ ಸ್ಟಾಫ್ ರೂಮಿನಲ್ಲಿ ದಿನಾ ನೋಡ್ತೀನಿ ಸರ್. ಸಾಲವಿಲ್ಲದೆ ಕೆಲಸ ಶುರು ಮಾಡೋ ಟೀಚರ್ ಬೇಗ ಸುಸ್ತಾಗಿ ಕೆಲಸ ಬಿಡಲ್ಲ.

ಪ್ರಶ್ನೆ (ಸನ್ನಿವೇಲ್): ಬಿಇ ಎಲೆಕ್ಟ್ರಾನಿಕ್ಸ್, 20 ವರ್ಷ ಸಾಫ್ಟ್‌ವೇರ್. ಲೇಆಫ್ ಆದ ಮೇಲೆ ಗಣಿತ ಟೀಚರ್ ಆಗೋ ಯೋಚನೆ. ನಾನೂ ಕಮ್ಯುನಿಟಿ ಕಾಲೇಜಿಗೆ ಹೋಗಬೇಕಾ?

ಉತ್ತರ: ಡಿಗ್ರಿಗೋಸ್ಕರ ಬೇಡ. ನಾಲ್ಕು ವರ್ಷದ ಬಿಇ ಸಾಮಾನ್ಯವಾಗಿ ಬ್ಯಾಚುಲರ್ ಅಂತಲೇ ಬರುತ್ತೆ. ನೀವು ತೋರಿಸಬೇಕಾಗಿರೋದು ಗಣಿತ ಗೊತ್ತು ಅಂತ. ಅದಕ್ಕೆ ಸಿಸೆಟ್ ಅಂತ ರಾಜ್ಯದ ವಿಷಯ ಪರೀಕ್ಷೆ ಇದೆ, ಗಣಿತದಲ್ಲಿ ಮೂರು ಭಾಗ. ಮೊದಲೆರಡು ಪಾಸಾದರೆ ಫೌಂಡೇಷನಲ್ ಮ್ಯಾಥ್, ಅಂದರೆ ಆಲ್ಜಿಬ್ರಾ, ಜಾಮೆಟ್ರಿ, ಸ್ಟ್ಯಾಟಿಸ್ಟಿಕ್ಸ್ ಮಟ್ಟಕ್ಕೆ ಹೇಳಿಕೊಡಬಹುದು. ಮೂರನೆಯದು ಕ್ಯಾಲ್ಕುಲಸ್, ಅದೂ ಆದರೆ ಪೂರ್ತಿ ಗಣಿತ. 2021ರಿಂದ ಪರೀಕ್ಷೆಯ ಬದಲು ಕಾಲೇಜಿನಲ್ಲಿ ಓದಿದ ಕೋರ್ಸುಗಳನ್ನೂ ತೋರಿಸಬಹುದು, ಹೊಂದುತ್ತಾ ಇಲ್ವಾ ಅಂತ ನಿಮ್ಮ ಪ್ರೋಗ್ರಾಂನವರು ನೋಡ್ತಾರೆ. ಸಿಬೆಸ್ಟ್ ಅಂತ ಒಂದು ಪರೀಕ್ಷೆ ಬಗ್ಗೆ ಹಳಬರು ಹೆದರಿಸಬಹುದು. 2024ರಿಂದ ಬ್ಯಾಚುಲರ್ ಡಿಗ್ರಿ ಇದ್ದರೆ ಅದು ಬೇಕಿಲ್ಲ. ಅಮೆರಿಕದ ಸಂವಿಧಾನದ ಕೋರ್ಸೋ ಪರೀಕ್ಷೆಯೋ ಒಂದು ಆಗಲೇಬೇಕು. ಆ ಒಂದು ಕೋರ್ಸಿಗೆ ಕಮ್ಯುನಿಟಿ ಕಾಲೇಜಿಗೆ ಹೋಗಿ ಬನ್ನಿ.

ಮನೆ ಖರ್ಚಿನ ಲೆಕ್ಕವನ್ನೂ ಈಗಲೇ ಹಾಕಿ. ಕ್ರೆಡೆನ್ಶಿಯಲ್ ಜೊತೆಗೆ 600 ಗಂಟೆ ಶಾಲೆಯಲ್ಲಿ ತರಬೇತಿ ಇರುತ್ತೆ, ಸಾಮಾನ್ಯವಾಗಿ ಸಂಬಳವಿಲ್ಲದೆ. ಇಂಟರ್ನ್ ದಾರಿಯಲ್ಲಿ ಸಂಬಳ ಸಿಗುತ್ತೆ, ಆದರೆ ಹಗಲು ನಿಮ್ಮದೇ ತರಗತಿ, ಸಂಜೆ ನಿಮ್ಮ ಓದು. ಮೊದಲ ವರ್ಷ ಜೀವ ಹಿಂಡಿಬಿಡುತ್ತೆ.

ಪ್ರಶ್ನೆ (ಮಿಲ್ಪಿಟಾಸ್): ಅಕ್ಕ, ನಾನು ತುಮಕೂರಿನಲ್ಲಿ ಬಿಎಡ್ ಮಾಡಿ 6 ವರ್ಷ ವಿಜ್ಞಾನ ಪಾಠ ಮಾಡಿದ್ದೀನಿ. ಅದೆಲ್ಲ ಇಲ್ಲಿ ನೀರಲ್ಲಿ ಹೋಮನಾ?

ಉತ್ತರ: ಖಂಡಿತ ಅಲ್ಲಮ್ಮ. ಬೇರೆ ದೇಶದಲ್ಲಿ ಟೀಚರ್ ತರಬೇತಿ ಮುಗಿಸಿದವರಿಗೆ ಸಿಟಿಸಿಯಲ್ಲಿ ಬೇರೆಯೇ ದಾರಿ ಇದೆ. ಇವ್ಯಾಲ್ಯುಯೇಷನ್ ಮಾಡಿಸುವಾಗ ಡಿಗ್ರಿ ಜೊತೆ ಬಿಎಡ್ ಮಾರ್ಕ್ಸ್ ಕಾರ್ಡನ್ನೂ ಕೊಡು, ಪ್ರಾಕ್ಟೀಸ್ ಟೀಚಿಂಗ್ ಮಾಡಿದ್ದಕ್ಕೆ ದಾಖಲೆ ಇದ್ದರೆ ಅದನ್ನೂ. ಎಲ್ಲ ಸರಿ ಹೊಂದಿದರೆ ಪ್ರಿಲಿಮಿನರಿ ಕ್ರೆಡೆನ್ಶಿಯಲ್ಲೇ ಸಿಗಬಹುದು, 5 ವರ್ಷದ ಅವಧಿಗೆ. ಅಷ್ಟರೊಳಗೆ ಉಳಿದ ಷರತ್ತುಗಳನ್ನು ಮುಗಿಸಬೇಕು. ಅದು ಗೊತ್ತಾಗೋವರೆಗೂ ಯಾವ ಕಾಲೇಜಿಗೂ ದುಡ್ಡು ಕಟ್ಟಬೇಡ.

ಪ್ರಶ್ನೆ: ಹೈಸ್ಕೂಲಲ್ಲಿ ಕನ್ನಡವನ್ನೇ ಹೇಳಿಕೊಡೋಕೆ ಕ್ರೆಡೆನ್ಶಿಯಲ್ ಇದೆಯಾ?

ಉತ್ತರ: ಸಿಸೆಟ್ ಭಾಷೆಗಳ ಪಟ್ಟಿಯಲ್ಲಿ ಪಂಜಾಬಿ ಇದೆ, ಕನ್ನಡ ಇಲ್ಲ. ನೋವಿನ ವಿಷಯ. ಸದ್ಯಕ್ಕೆ ಗಣಿತವೋ ವಿಜ್ಞಾನವೋ ಹಿಡಿದು ಒಳಗೆ ಬನ್ನಿ. ಭಾನುವಾರ ಕನ್ನಡ ತರಗತಿಗಳಲ್ಲಿ ಪಾಠ ಮಾಡ್ತಿದ್ದರೆ ಅದನ್ನು ಅರ್ಜಿಯಲ್ಲಿ ತಪ್ಪದೆ ಬರೆಯಿರಿ. ಮಕ್ಕಳ ಎದುರು ನಿಂತ ಅನುಭವ ಯಾವುದಾದರೂ ಬೆಲೆ ಇದೆ.

ಪ್ರಶ್ನೆ (ಫ್ರೀಮಾಂಟ್, ಮತ್ತೆ): ಮೇಡಂ, ತುಂಬ ಥ್ಯಾಂಕ್ಸ್. ಇವ್ಯಾಲ್ಯುಯೇಷನ್ ಮೊದಲು ಮಾಡಿಸ್ತೀನಿ. ಮನಸ್ಸಿನಲ್ಲಿ ಕೊರೀತಿರೋದು ಇನ್ನೊಂದಿದೆ. ನನಗೀಗ 38. ಇಲ್ಲಿನ ಹೈಸ್ಕೂಲನ್ನು ಒಳಗಿಂದ ನೋಡೇ ಇಲ್ಲ. ಆ ಮಕ್ಕಳು ನನ್ನ ಇಂಗ್ಲಿಷ್ ಕೇಳಿ ನಗಲ್ವಾ?

ಉತ್ತರ: ಇದಕ್ಕೆ ಉದ್ದವಾಗಿ ಬರೀತೀನಿ, ಯಾಕಂದರೆ ನನಗೂ ಇದೇ ಹೆದರಿಕೆ ಇತ್ತು.

ಎರಡು ಸೆಮಿಸ್ಟರ್ ದಂಡವಾಯಿತು ಅಂದೆನಲ್ಲ, ಅದರಲ್ಲೂ ಒಂದು ಒಳ್ಳೇದಾಯಿತು. ಕ್ಯಾಲ್ಕುಲಸ್ ಚೆನ್ನಾಗಿ ಬರುತ್ತೆ ಅಂತ ಪ್ರೊಫೆಸರ್ ನನ್ನನ್ನು ಕಾಲೇಜಿನ ಗಣಿತ ಟ್ಯೂಟರಿಂಗ್ ಸೆಂಟರಿಗೆ ಕಳಿಸಿದರು. ಮೊದಲ ವಾರ ಒಬ್ಬ ಹುಡುಗ ಬಂದ. ಸೂಪರ್ ಮಾರ್ಕೆಟ್ಟಿನ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಅಂತ ಬರೆದಿದ್ದ, ಮೇಲೆ ಮೇಲೆ ಕೂಡಿಸಿ, ಕೆಳಗೆ ಕೆಳಗೆ ಕೂಡಿಸಿ. ನಾನು ನಮ್ಮೂರ ಮೇಷ್ಟ್ರ ಹಾಗೆ "ತಪ್ಪು" ಅಂದು, ಅವನ ಪೆನ್ಸಿಲ್ ತಗೊಂಡು ಸರಿ ಉತ್ತರ ಬರೆದುಕೊಟ್ಟೆ. ಅವನು ಥ್ಯಾಂಕ್ಸ್ ಅಂತ ಹೇಳಿ ಪುಸ್ತಕ ಮುಚ್ಚಿ ಎದ್ದು ಹೋದ. ಮತ್ತೆ ಎರಡು ವಾರ ಆ ಕಡೆ ಬರಲಿಲ್ಲ.

ಸೆಂಟರ್ ನೋಡಿಕೊಳ್ಳುತ್ತಿದ್ದವರು ನನ್ನನ್ನು ಬೈಯಲಿಲ್ಲ. "ಹೇಗೆ ಮಾಡಿದೆ, ನನಗೆ ತೋರಿಸು ಅಂತ ಕೇಳಿ. ಆಮೇಲೆ ಸುಮ್ಮನಿರಿ" ಅಂದರು. ಆ ಸುಮ್ಮನಿರೋದನ್ನು ಕಲಿಯೋಕೆ ನನಗೆ ಒಂದು ವರ್ಷ ಬೇಕಾಯಿತು. ಹುಡುಗ ವಾಪಸ್ ಬಂದಾಗ ಅವನ ಕೈಲೇ ಪೆನ್ಸಿಲ್ ಬಿಟ್ಟೆ. ಅರ್ಧ ಅಂದರೆ ಎಷ್ಟು, ಐದನೇ ಎರಡು ಅಂದರೆ ಎಷ್ಟು, ಪಟ್ಟಿ ಎಳೆದು ತೋರಿಸು ಅಂದೆ. ಎಳೆದ. ಎರಡೂ ಪಟ್ಟಿ ನೋಡಿದ. ಕೂಡಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು ಅಂತ ಅವನೇ ಕೇಳಿದ. ಹೈಸ್ಕೂಲ್ ದಾಟಿ ಬಂದ ಹುಡುಗ ಅವನು. ಇಂಥವರು ಯಾಕೆ ಎಡವುತ್ತಾರೆ, ಎಡವಿದ್ದನ್ನು ಹೇಗೆ ಮುಚ್ಚಿಟ್ಟುಕೊಳ್ಳುತ್ತಾರೆ ಅನ್ನೋದನ್ನು ನಾನು ಕಂಡಿದ್ದು ಆ ಮೇಜಿನಲ್ಲಿ. ಇಲ್ಲಿನ ಶಾಲೆಯಲ್ಲಿ ಬೆಳೆಯದ ನಮಗೆ ಕಮ್ಯುನಿಟಿ ಕಾಲೇಜಿನಿಂದ ಸಿಗೋ ದೊಡ್ಡ ಲಾಭ ಇದೇ ಅಂತ ನಾನು ನಂಬಿದ್ದೀನಿ. ಅದಕ್ಕೇ ಒಂದೇ ಕೋರ್ಸಿಗೆ ಸೇರಿದರೂ ಆನ್‌ಲೈನ್ ಬೇಡ, ಕಾಲೇಜಿಗೇ ಹೋಗಿ.

ಮಾತಿನ ವಿಷಯಕ್ಕೆ ಬಂದರೆ, ಉಚ್ಚಾರಕ್ಕಿಂತ ಪದಗಳೇ ಹೆಚ್ಚು ತೊಡಕು. ನಾನು ಬಾಡ್‌ಮಾಸ್ ಅಂದರೆ ಯಾರಿಗೂ ಗೊತ್ತಾಗಲಿಲ್ಲ, ಇಲ್ಲಿ ಅದು ಪೆಮ್‌ಡಾಸ್. ನಮ್ಮ ಎಚ್‌ಸಿಎಫ್ ಇಲ್ಲಿ ಜಿಸಿಎಫ್. ಎಕ್ಸ್, ವೈ ಆದ ಮೇಲೆ ಜೆಡ್ ಅಂದಾಗ ಇಡೀ ಮೇಜು ನನ್ನ ಮುಖ ನೋಡಿತು, ಝೀ ಅನ್ನಬೇಕಿತ್ತು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ ಬರೆದುಕೊಳ್ಳುತ್ತಾ ಹೋದೆ, ಅಲ್ಲಿಯದ್ದು, ಇಲ್ಲಿಯದ್ದು. ಆರು ತಿಂಗಳಲ್ಲಿ ನಾಲಿಗೆ ಹೊಂದಿಕೊಂಡಿತು. ಮಕ್ಕಳು ಮೊದಲ ವಾರ ನಕ್ಕರೂ ನಗಬಹುದು. ತಮ್ಮ ಮೇಲೆ ಟೀಚರಿಗೆ ಅಕ್ಕರೆ ಇದೆ ಅಂತ ಗೊತ್ತಾದ ಮೇಲೆ ಉಚ್ಚಾರ ಅವರ ಕಿವಿಗೇ ಬೀಳಲ್ಲ.

ಶಾಲೆಯ ಒಳಗನ್ನು ನೋಡೋಕೆ ಕ್ರೆಡೆನ್ಶಿಯಲ್ ತನಕ ಕಾಯಬೇಕಿಲ್ಲ. ಇಎಡಿ ಇದೆಯಲ್ಲ, ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಪ್ಯಾರಾ ಎಜುಕೇಟರ್, ಅಂದರೆ ತರಗತಿಯಲ್ಲಿ ಟೀಚರಿಗೆ ಸಹಾಯಕರ ಕೆಲಸ ನೋಡಿ. ಮಕ್ಕಳನ್ನು ಕಾಲೇಜಿಗೆ ಸಿದ್ಧ ಮಾಡೋ ಎವಿಐಡಿ ತರಗತಿ ಇರೋ ಶಾಲೆಗಳು ಕಾಲೇಜು ವಿದ್ಯಾರ್ಥಿಗಳನ್ನೇ ಟ್ಯೂಟರ್ ಆಗಿ ತಗೊಳ್ಳುತ್ತವೆ. ಡಿಗ್ರಿ ಪೂರ್ತಿ ಅಂತ ಬಂದರೆ ಬೇರೆ ಟೀಚರ್ ರಜೆಯಲ್ಲಿದ್ದಾಗ ಪಾಠ ಮಾಡೋಕೆ ಕೊಡೋ 30 ದಿನದ ಸಬ್‌ಸ್ಟಿಟ್ಯೂಟ್ ಪರ್ಮಿಟ್‌ಗೂ ಅರ್ಜಿ ಹಾಕಬಹುದು. ಎಲ್ಲಿಗೇ ಹೋದರೂ ಬೆರಳಚ್ಚು, ಟಿಬಿ ತಪಾಸಣೆ ಕೇಳುತ್ತಾರೆ. ಊಟದ ಬಿಡುವು ಮುಗಿದು ಗಂಟೆ ಹೊಡೆದ ಮೇಲೆ 32 ಮಕ್ಕಳು ಒಟ್ಟಿಗೆ ಒಳಗೆ ನುಗ್ಗೋದನ್ನು ಒಂದು ವಾರ ನೋಡಿ. ಆಗಲೂ ಆಸೆ ಹಾಗೇ ಇದ್ದರೆ ಈ ಕೆಲಸ ನಿಮ್ಮದು.

ಪ್ರಶ್ನೆ (ಫ್ರೀಮಾಂಟ್): ಓದ್ತಾ ಓದ್ತಾ ಕಣ್ಣು ತುಂಬಿ ಬಂತು ಮೇಡಂ. ನನ್ನ ಮಾರ್ಕ್ಸ್ ಕಾರ್ಡೆಲ್ಲ ಹಾಸನದಲ್ಲಿ ಅಮ್ಮನ ಬೀರುವಿನಲ್ಲಿದೆ. ಸ್ಕ್ಯಾನ್ ಮಾಡಿ ಕಳಿಸೋಕೆ ಹೇಳಿದರೆ ಸಾಕಾ?

ಉತ್ತರ: ಸಾಮಾನ್ಯವಾಗಿ ಸಾಲಲ್ಲ. ಬಹಳಷ್ಟು ಸಂಸ್ಥೆಗಳು ಯೂನಿವರ್ಸಿಟಿಯೇ ಸೀಲ್ ಮಾಡಿ ಕೊಟ್ಟ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತವೆ. ಯೂನಿವರ್ಸಿಟಿ ಆಫೀಸಿಗೆ ಮನೆಯವರು ಯಾರಾದರೂ ಒಂದೆರಡು ಸಲ ಓಡಾಡಬೇಕಾಗುತ್ತೆ, ತಿಂಗಳುಗಟ್ಟಲೆ ಹಿಡಿದರೂ ಹಿಡಿಯಿತು. ಘಟಿಕೋತ್ಸವದ ಸರ್ಟಿಫಿಕೇಟೂ ಬೀರುವಿನಲ್ಲಿದೆಯಾ ಅಂತ ಅಮ್ಮನಿಗೆ ನೋಡೋಕೆ ಹೇಳಿ. ಮೂರೂ ವರ್ಷದ ಸಿಲಬಸ್ ಸಿಕ್ಕರೆ ಅದನ್ನೂ ತರಿಸಿ, ಕೋರ್ಸ್ ಹೊಂದಿಸುವಾಗ ಬೇಕಾಗುತ್ತೆ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಗಿದ್ದರೆ ಅದರ ಕಾಗದವೂ ಜೊತೆಗಿರಲಿ, ನನ್ನದು ಅದೊಂದೇ ಕಾರಣಕ್ಕೆ ಆರು ವಾರ ನಿಂತಿತ್ತು.

ಪ್ರಶ್ನೆ (ಫ್ರೀಮಾಂಟ್): ಹೆಸರು ಬದಲಾಗಿದೆ. ಅಲ್ಲಿ ಈಗ ಬೆಳಗ್ಗೆ ಏಳು ಗಂಟೆ, ಅಣ್ಣ ಎದ್ದಿರ್ತಾನೆ. ಈಗಲೇ ಫೋನ್ ಮಾಡ್ತೀನಿ.