ಸದ್ದು ನಿಲ್ಲಿಸಲು ಹೋಗಬೇಡ, ಅಳಿಯಾ

ಅಳಿಯಾ, ನಿನ್ನ ಸಂದೇಶ ಕೇಳಿದೆ. ಬೈಕಿನ ಎಂಜಿನ್ ಟಿಕ್ ಟಿಕ್ ಎನ್ನುತ್ತಿದೆ, ಭಾನುವಾರ ಟ್ಯಾಪೆಟ್ (ವಾಲ್ವ್ ಒತ್ತುವ ಸ್ಕ್ರೂ) ಬಿಗಿ ಮಾಡಿ ಸದ್ದು ನಿಲ್ಲಿಸುತ್ತೇನೆ ಎಂದಿದ್ದೀಯಲ್ಲ, ಕೇಳಿ ಎದೆ ಧಸಕ್ಕೆಂದಿತು. ಅದರ ಕೆಳಗೇ ಅಕ್ಕ ‘ಗ್ಯಾರೇಜಿಗೆ ಕೊಡು, ಮನೆಯೆಲ್ಲ ಎಣ್ಣೆ ಮಾಡಬೇಡ’ ಎಂದಿದ್ದಾಳೆ. ಅಕ್ಕಾ, ಮಾಡಲಿ ಬಿಡು, ಹಳೆಯ ಪೇಪರ್ ಹಾಸಿಕೊಳ್ಳುತ್ತಾನೆ. ಆದರೆ ಸದ್ದು ನಿಲ್ಲಿಸಲಿಕ್ಕೆಂದು ಮಾತ್ರ ಸ್ಕ್ರೂ ಮುಟ್ಟಬಾರದು.

ಆ ತಪ್ಪು ನಾನೇ ಮಾಡಿದ್ದೇನೆ. ಪುಣೆ ಪಕ್ಕದ ಚಿಂಚವಡಕ್ಕೆ ಬಂದ ಹೊಸದರಲ್ಲಿ, ಸಂದು ಅಳೆಯುವ ತೆಳು ಬ್ಲೇಡುಗಳ ಗೇಜ್ ಇಲ್ಲದೆ, ಕಿವಿಯನ್ನೇ ನಂಬಿ ತಿರುಗಿಸಿದೆ. ಸದ್ದು ಎಣ್ಣೆ ಬಿಟ್ಟ ಹೊಲಿಗೆ ಯಂತ್ರದಂತೆ ಮೆತ್ತಗಾಯಿತು. ಕಾಲನಿಯವರನ್ನೆಲ್ಲ ಕರೆದು ಕೇಳಿಸಿದೆ. ಕೆಲವು ತಿಂಗಳ ಮೇಲೆ ಕಾತ್ರಜ್ ಘಾಟ್ ಏರುವಾಗ ಎಳೆತವೇ ಇಲ್ಲ. ಮೇಲೆ ಹೋಗಿ ಆಫ್ ಮಾಡಿದರೆ, ಆರುವವರೆಗೆ ಮತ್ತೆ ಚಾಲೂ ಆಗಲಿಲ್ಲ. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿಸಿದಾಗ, ಹೊಗೆ ಹೊರಬಿಡುವ ಕವಾಟದ, ಅಂದರೆ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು.

ವಾಲ್ವ್ ಬಿಸಿಗೆ ಉದ್ದವಾಗುತ್ತದೆ. ಅದಕ್ಕೇ ತಣ್ಣಗಿರುವಾಗ, ಅದನ್ನು ಒತ್ತಿ ತೆರೆಯುವ ರಾಕರ್ ಎಂಬ ತೋಳಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸೀಟಿಗೆ, ಅಂದರೆ ಹೆಡ್ಡಿನಲ್ಲಿ ಅದು ಕೂರುವ ಬಳೆಗೆ, ಒತ್ತಿ ಕೂತಾಗಲೇ ಅದರ ಬಿಸಿ ಹೆಡ್ಡಿಗೆ ಇಳಿಯುವುದು, ಕೂರದಿದ್ದರೆ ಸುಡುತ್ತದೆ. ಗಾಡಿ ಓಡಿದಂತೆಲ್ಲ ವಾಲ್ವ್ ಸೀಟಿನೊಳಗೆ ಸವೆದು ಕೂತು, ಸಂದು ತಾನಾಗಿಯೇ ಕಡಿಮೆಯಾಗುವುದೂ ಉಂಟು. ಟಿಕ್ ಎನ್ನುವ ಟ್ಯಾಪೆಟ್‌ಗಿಂತ ಸುಮ್ಮನಿರುವ ಟ್ಯಾಪೆಟ್‌ಗೇ ನಾನು ಹೆಚ್ಚು ಹೆದರುತ್ತೇನೆ.

ಶನಿವಾರ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಹಾಲು ತರಲಿಕ್ಕೂ ಚಾಲೂ ಮಾಡಬೇಡ, ಎಂಜಿನ್ ಪೂರ್ತಿ ತಣ್ಣಗಿರಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಜಿನ್ ಕೈಯಿಂದ ತಿರುಗಿಸಲು ಹಗುರ. ನಿನ್ನ 100 ಸಿಸಿ ಗಾಡಿಯ ಎಡಗಡೆ ಮ್ಯಾಗ್ನೆಟ್ ಕವರಿನ ಎರಡು ಮುಚ್ಚಳ ತೆಗೆ. ದೊಡ್ಡದರೊಳಗಿನ ನಟ್ಟಿಗೆ ಪಾನಾ ಹಾಕಿ ಗಡಿಯಾರದ ಮುಳ್ಳಿಗೆ ಎದುರಾಗಿ ನಿಧಾನ ತಿರುಗಿಸು. ಸಣ್ಣ ಕಿಂಡಿಯಲ್ಲಿ ‘ಟಿ’ ಅಕ್ಷರದ ಗೆರೆ ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸು.

ಎಲ್ಲರೂ ಎಡವುವುದು ಇಲ್ಲಿ. ಎರಡು ಸುತ್ತಿನಲ್ಲಿ ಆ ಗೆರೆ ಎರಡು ಸಲ ಬರುತ್ತದೆ; ಎರಡೂ ವಾಲ್ವ್ ಮುಚ್ಚಿ ಕಂಪ್ರೆಷನ್ (ಒಳಗಿನ ಗಾಳಿ-ಪೆಟ್ರೋಲನ್ನು ಒತ್ತುವುದು) ಮುಗಿಯುವುದು ಒಂದೇ ಸಲ. ಹೆಡ್ಡಿನ ಮೇಲಿನ ಟ್ಯಾಪೆಟ್ ಮುಚ್ಚಳಗಳನ್ನೂ ಬಿಚ್ಚಿ, ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಾಡಿಸು. ಅಲುಗಾಡಿದರೆ ಸರಿ. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸು. ಆಗಲೂ ಬಿಗಿಯೇ ಇದ್ದರೆ ಸಂದು ಮುಚ್ಚಿಹೋಗಿದೆ ಎಂದು ತಿಳಿ.

ಇಷ್ಟು ಸಣ್ಣ ಎಂಜಿನ್ನುಗಳಿಗೆ ಸಾಮಾನ್ಯವಾಗಿ 0.05ರಿಂದ 0.10 ಮಿಲಿಮೀಟರ್ ಸಂದು ಇರುತ್ತದೆ. ಆದರೆ ನಿನ್ನ ಗಾಡಿಯ ಪುಸ್ತಕ ಹೇಳಿದ್ದೇ ಅಂತಿಮ. ಗಾಳಿ-ಪೆಟ್ರೋಲ್ ಒಳಬಿಡುವ ಇಂಟೇಕ್‌ಗೊಂದು, ಎಕ್ಸಾಸ್ಟ್‌ಗೊಂದು ಲೆಕ್ಕ ಇರಬಹುದು. ಮೊದಲು ಅಳೆ, ಸರಿಯಿದ್ದರೆ ಮುಚ್ಚಳ ಹಾಕಿ ಎದ್ದುಬಿಡು. ಅಳೆಯಲು ಗೇಜಿನ ಬ್ಲೇಡಿಗೆ ಎಣ್ಣೆ ಸವರಿ ಸಂದಿಗೆ ತೂರಿಸು: ಹೊಸ ನೋಟಿನ ಕಟ್ಟಿನಿಂದ ಒಂದು ನೋಟು ಎಳೆದಷ್ಟು ಹಿಡಿತ ಸಿಗಬೇಕು, ಅದಕ್ಕಿಂತ ದಪ್ಪದ ಬ್ಲೇಡ್ ಹೋಗಬಾರದು. ಹಾಗಿಲ್ಲದಿದ್ದರೆ ಸ್ಕ್ರೂ ಹಿಡಿದಿಡುವ ಚೆಕ್‌ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಸರಿಮಾಡು. ಆಮೇಲೆ ಸ್ಕ್ರೂ ಅಲುಗದಂತೆ ಹಿಡಿದು ಚೆಕ್‌ನಟ್ ಬಿಗಿ ಮಾಡು. ಬಿಗಿ ಮಾಡುವಾಗ ಸಂದು ಕದಲಿಯೇ ಕದಲುತ್ತದೆ, ಮತ್ತೆ ಅಳೆ. ನನಗೆ ಈಗಲೂ ಮೂರು ಸಲ ಆಗುತ್ತದೆ. ನಟ್ಟಿನ ಮೇಲೆ ಸಿಟ್ಟು ತೋರಿಸಬೇಡ, ಎಳೆ ಹರಿದೀತು. ಕೊನೆಗೆ ಕೈಯಿಂದಲೇ ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡು.

ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ನಾನಾ ಪೇಠೆಯ ಬಿಡಿಭಾಗದ ಅಂಗಡಿಯಿಂದ ಹೊಸದು ತಂದಿಟ್ಟುಕೋ, ಇಲ್ಲವಾದರೆ ಎಣ್ಣೆ ಒಸರಿ ಅಕ್ಕನ ಮಾತೇ ನಿಜವಾಗುತ್ತದೆ. ಗೇಜ್ ಕೊಳ್ಳಬೇಡ, ಶನಿವಾರ ಸಂಜೆ ಬಂದು ನನ್ನದನ್ನೇ ಒಯ್ಯಿ. 0.05ರ ಬ್ಲೇಡನ್ನು ಮಡಿಚಿ ತಂದರೆ ಮಾತ್ರ ನೋಡು, ಮನೆಯೊಳಗೆ ಬಿಡುವುದಿಲ್ಲ.