ವೈರ್ ಉದ್ದ ಮಾಡಿದ ಮೇಲೆ ಆಟೋ ಟ್ಯೂನರ್ ಮ್ಯಾಚ್ ಆಗುತ್ತಿಲ್ಲ

ಬನಶಂಕರಿ_ತಾರಸಿ
ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯ ನೀರಿನ ಟ್ಯಾಂಕ್ ಹತ್ತಿರದಿಂದ ಹಿಂದಿನ ತೆಂಗಿನ ಮರಕ್ಕೆ ಹ್ಯಾಮ್ ರೇಡಿಯೋದ ಆಂಟೆನಾ ವೈರ್ ಕಟ್ಟಿದ್ದೇನೆ, ವೈರಿನ ಬುಡದಲ್ಲಿ 9:1 ಅನ್‌ಅನ್ (ಇಂಪೀಡೆನ್ಸ್, ಅಂದರೆ ಎಸಿಗೆ ಇರುವ ತಡೆಯನ್ನು ಒಂಬತ್ತರಲ್ಲಿ ಒಂದು ಭಾಗಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್), ಅಲ್ಲಿಂದ ರೂಮಿಗೆ 15 ಮೀಟರ್ ಆರ್‌ಜಿ-58 ಕೇಬಲ್. ರೇಡಿಯೋ 100 ವಾಟಿನದು, ಆಂಟೆನಾವನ್ನು ರೇಡಿಯೋಗೆ ಹೊಂದಿಸುವ ಆಟೋ ಟ್ಯೂನರ್ ಅದರೊಳಗೇ ಇದೆ. ಹೋದ ತಿಂಗಳವರೆಗೂ ತೊಂದರೆ ಇರಲಿಲ್ಲ. ಜಾಸ್ತಿ ಉದ್ದ ಇದ್ದರೆ ಒಳ್ಳೆಯದು ಅಂತ 16 ಮೀಟರ್ ಇದ್ದ ವೈರನ್ನು 20 ಮಾಡಿದೆ. ಈಗ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಆಸುಪಾಸು) ಟ್ಯೂನ್ ಒತ್ತಿದರೆ ಟ್ಯೂನರ್ ಒಳಗಿನ ಸ್ವಿಚ್‌ಗಳು, ಅಂದರೆ ರಿಲೇಗಳು, ಟಕಟಕ ಬಡಿದು ಕೊನೆಗೆ ಹೈ ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಇದ್ದರೆ ಪೂರ್ತಿ ಹೊಂದಿದೆ ಅಂತ) ಅಂತ ತೋರಿಸಿ ನಿಲ್ಲುತ್ತವೆ. 20 ಮೀಟರ್ ಬ್ಯಾಂಡಿನಲ್ಲೂ (14 ಮೆಗಾಹರ್ಟ್ಸ್) ಹಾಗೇ. ರಿಲೇ ಹೋಗಿರಬಹುದಾ? ಬಿಚ್ಚಿ ನೋಡಲಾ?

ಮಲ್ಲೇಶ್ವರಂ_ಮೋರ್ಸ್
ಬಿಚ್ಚಬೇಡಿ ಸರ್, ಟ್ಯೂನರ್ ಚೆನ್ನಾಗೇ ಇರುವ ಹಾಗಿದೆ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅರ್ಧ ಅಲೆಯ ವೈರ್ ಉದ್ದ ಬೇಕೆಂದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 7.1ಕ್ಕೆ 20.1 ಮೀಟರ್ ಬರುತ್ತದೆ. ಅಂದರೆ ನೀವು ಸರಿಯಾಗಿ ಅರ್ಧ ಅಲೆಗೇ ತಂದು ನಿಲ್ಲಿಸಿದ್ದೀರಿ. ಅಂಥ ವೈರಿನ ತುದಿಯಲ್ಲಿ ಇಂಪೀಡೆನ್ಸ್ 2000, 3000 ಓಮ್ ಇರುತ್ತದೆ, ಅದನ್ನು 9:1 ಇಳಿಸಿದರೂ ಮುನ್ನೂರು ಓಮ್ ಆಸುಪಾಸು, ರೇಡಿಯೋಗೆ ಬೇಕಾದದ್ದು 50 ಓಮ್, ಹಾಗಾಗಿ ಎಸ್‌ಡಬ್ಲ್ಯೂಆರ್ 5, 6 ಆಯಿತು. ರೇಡಿಯೋ ಒಳಗಿನ ಟ್ಯೂನರ್‌ಗಳು ಸಾಮಾನ್ಯವಾಗಿ 16.7ರಿಂದ 150 ಓಮ್, ಅಂದರೆ 3:1ರವರೆಗೆ ಮಾತ್ರ ಎಳೆಯುತ್ತವೆ. 20 ಮೀಟರ್ ಬ್ಯಾಂಡಿನಲ್ಲಿ ಅದೇ ವೈರ್ ಎರಡು ಅರ್ಧ ಅಲೆ, ಅಲ್ಲೂ ಅದೇ ಪಾಡು.

ಎರಡು ದಾರಿ ಇವೆ. ವೈರನ್ನು 16.2 ಮೀಟರ್‌ಗೆ ಇಳಿಸಿ, ಅದು ಯಾವ ಮುಖ್ಯ ಬ್ಯಾಂಡಿನ ಅರ್ಧ ಅಲೆಗೂ ಸರಿಯಾಗಿ ಬೀಳುವುದಿಲ್ಲ. ಇಲ್ಲಾಂದ್ರೆ 20 ಮೀಟರ್ ಹಾಗೇ ಬಿಟ್ಟು 49:1 ಟ್ರಾನ್ಸ್‌ಫಾರ್ಮರ್ ಹಾಕಿ, ಆಗ 40, 20, 15, 10 ಮೀಟರ್ ಬ್ಯಾಂಡುಗಳಲ್ಲಿ ಟ್ಯೂನರ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ. ನನಗೆ ಎರಡನೆಯದೇ ಇಷ್ಟ.

ಜಯನಗರ_ಡಿಪೋಲ್
ಮೇಲಿನವರು ಹೇಳಿದ್ದು ಸರಿ. ಆದರೂ ಟ್ಯೂನರ್ ಮೇಲೆ ಅನುಮಾನ ಹೋಗದಿದ್ದರೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಇಟ್ಟು ನೋಡಿ. ಒಂದೇ 50 ಓಮ್ ಲೋಡ್ ಇಟ್ಟರೆ ಏನೂ ಗೊತ್ತಾಗುವುದಿಲ್ಲ, ಅಲ್ಲಿ ಸರಿಪಡಿಸಲು ಏನೂ ಇಲ್ಲವಲ್ಲ. ಸ್ನೇಹಿತರ ಹತ್ತಿರ ಇನ್ನೊಂದು ತಂದು ಟೀ ಕನೆಕ್ಟರ್‌ನಲ್ಲಿ ಎರಡನ್ನೂ ಪ್ಯಾರಲಲ್ ಮಾಡಿ, 25 ಓಮ್ ಆಗುತ್ತದೆ, ಎಸ್‌ಡಬ್ಲ್ಯೂಆರ್ 2. ಅದನ್ನು ಟ್ಯೂನರ್ 1.5ರ ಕೆಳಗೆ ತಂದರೆ ರಿಲೇಗಳು ಕೆಲಸ ಮಾಡುತ್ತಿವೆ ಅಂತ ತಿಳಿಯಿರಿ. ಟ್ಯೂನ್ ಮಾಡುವಾಗ ಪವರ್ 10 ವಾಟ್ ಸಾಕು. ಪೂರ್ತಿ 100ರಲ್ಲಿ ರಿಲೇ ಬದಲಾದರೆ ಕಾಂಟ್ಯಾಕ್ಟ್‌ಗಳಲ್ಲಿ ಕಿಡಿ ಹಾರುತ್ತದೆ, ದಯವಿಟ್ಟು ಆ ಅಭ್ಯಾಸ ಬೇಡ. ಮತ್ತೆ ಮಳೆ ಬಂದ ಮಾರನೇ ದಿನ ಮಾತ್ರ ರೀಡಿಂಗ್ ಬದಲಾದರೆ ಮೊದಲು ತಾರಸಿಯ ಕನೆಕ್ಟರ್ ಬಿಚ್ಚಿ ನೋಡಿ, ನೀರು ಹೋಗಿರುತ್ತದೆ.

ಬನಶಂಕರಿ_ತಾರಸಿ
ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಇವತ್ತು ಬೆಳಿಗ್ಗೆ ವೈರನ್ನು 16.2 ಮಾಡಿದೆ, 40ರಲ್ಲಿ ಎರಡು ಸೆಕೆಂಡಿಗೆ 1.3ಕ್ಕೆ ಬಂದು ನಿಂತಿತು! 20 ಕೂಡ ಆಯಿತು. ಒಂದೇ ತೊಂದರೆ ಉಳಿದಿದೆ, ಜೋರಾಗಿ ಮಾತಾಡಿದರೆ ರಿಲೇ ಮಧ್ಯೆ ಮಧ್ಯೆ ತಾನಾಗೇ ಕಟ್ ಅನ್ನುತ್ತದೆ.

ಮಲ್ಲೇಶ್ವರಂ_ಮೋರ್ಸ್
ಕೇಬಲ್‌ನ ಹೊರಮೈ ಮೇಲೆ ಆರ್‌ಎಫ್ (ರೇಡಿಯೋ ಅಲೆಯ ಕರೆಂಟ್) ರೂಮಿಗೆ ಬರುತ್ತಿದೆ. ನಿಮ್ಮಲ್ಲಿ ಬೇರೆ ಕೌಂಟರ್‌ಪಾಯ್ಸ್ (ಆಂಟೆನಾ ಕರೆಂಟ್ ವಾಪಸ್ ಹೋಗಲು ಹಾಕುವ ಇನ್ನೊಂದು ವೈರ್) ಇಲ್ಲ, ಹಾಗಾಗಿ ಕೇಬಲ್ಲೇ ಆ ಕೆಲಸ ಮಾಡುತ್ತಿದೆ. ಆ ಆರ್‌ಎಫ್ ತಡೆಯುವ ಚೋಕನ್ನು ಅನ್‌ಅನ್ ಹತ್ತಿರ ಹಾಕಬೇಡಿ, ರೇಡಿಯೋ ಕಡೆ ಹಾಕಿ: ದೊಡ್ಡ ಫೆರೈಟ್ ಟೊರಾಯ್ಡ್ (ಉಂಗುರ) ಮೇಲೆ ಅದೇ ಕೇಬಲ್ 10, 12 ಸುತ್ತು.

ಬನಶಂಕರಿ_ತಾರಸಿ
ಶನಿವಾರ ಎಸ್‌ಪಿ ರೋಡಿಗೆ ಹೋಗಿ ಟೊರಾಯ್ಡ್ ಹುಡುಕುತ್ತೇನೆ, ಸುತ್ತಿದ ಮೇಲೆ ಇಲ್ಲೇ ಬರೆಯುತ್ತೇನೆ. 73 (ಹ್ಯಾಮ್‌ಗಳ ಶುಭಾಶಯ).